ಕ್ಲಚ್ಚು ಮತ್ತು ನನ್ನ ಎಡಗಾಲು

ನಮ್ಮ ಮಾವನವರ ಪ್ರಕಾರ ನನ್ನ ಎಡಗಾಲಿನಲ್ಲಿ ದೋಷವಿತ್ತು. ಕುಂಟುವ ದೋಷವಲ್ಲ. ಆ ಕಾಲು ಬಾವಿಯ ಮೆಟ್ಟಿಲು ಇಳಿಯಬಲ್ಲದು, ಕೊಬ್ಬರಿ ಅಟ್ಟದ ಏಣಿ ಹತ್ತಬಲ್ಲದು. ಕ್ಲಚ್ಚಿನ ಮೇಲಿಂದ ಮಾತ್ರ ಸರಿಯಾಗಿ ಏಳಲಾರದು. ಒಂದಿಡೀ ಚಳಿಗಾಲ ಈ ಅಪವಾದವನ್ನು ಹೊತ್ತುಕೊಂಡು ನಾನು ಆ ಮನೆಯಲ್ಲಿ ಓಡಾಡಿದೆ. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆಯಂದಿರ ಮೇಲೆ ಸಾರು ಉಪ್ಪಾದ ಅಪವಾದ, ಹಾಲು ಉಕ್ಕಿಸಿದ ಅಪವಾದ ಬರುವುದುಂಟು. ನನ್ನದು ಮೋಟಾರು ಗಾಡಿಯದು. ಎಷ್ಟೇ ಸಿಟ್ಟು ಬಂದರೂ, ಅಂಥ ಅಪವಾದ ಸುತ್ತಮುತ್ತಲಿನ ಯಾವ ಸೊಸೆಗೂ ಬಂದಿಲ್ಲವಲ್ಲ ಎಂಬ ಸಣ್ಣ ಜಂಬವೂ ನನಗಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತು. ಹೊನ್ನವಳ್ಳಿಯ ಆಚೆ, ತೆಂಗಿನ ತೋಟದ ನಡುವೆ ನಮ್ಮ ಮನೆ. ಮನೆಯಲ್ಲಿ ಮಾವ, ಅತ್ತೆ, ನಮ್ಮ ಯಜಮಾನರು, ನಾನು. ಇಷ್ಟು ಜನರಿಗಿಂತ ಹೆಚ್ಚು ಉಪಚಾರ ನಡೆಯುತ್ತಿದ್ದದ್ದು ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ ನಿಂತಿದ್ದ ಬೂದು ಬಣ್ಣದ ಕಾರಿಗೆ. ಹಾಸನದ ಕಡೆಯ ಒಬ್ಬ ಡಾಕ್ಟರು ಓಡಿಸಿ ಸಾಕಾಗಿ ಮಾರಿದ್ದು. ಅದರ ಒಂದು ಬಾಗಿಲು ಒಳಗಿನಿಂದ ಮಾತ್ರ ತೆಗೆಯುತ್ತಿತ್ತು, ಇನ್ನೊಂದು ಹೊರಗಿನಿಂದ ಮಾತ್ರ. ಹಾರನ್ ತನಗೆ ತೋಚಿದಾಗ ಕೂಗುತ್ತಿತ್ತು. ಮಾವ ಅದರ ಕೀಲಿಕೈಯನ್ನು ಉಡುದಾರಕ್ಕೆ ಕಟ್ಟಿಕೊಂಡಿದ್ದರು. ಸ್ನಾನಕ್ಕೆ ಹೋದಾಗಲೂ ಅದು ಅವರ ಸೊಂಟದಲ್ಲೇ ಇರುತ್ತಿತ್ತು.

ನಾನು ಕಾರು ಕಲಿತದ್ದು ಯಾವ ಕ್ರಾಂತಿಯಿಂದಲೂ ಅಲ್ಲ, ಮಾವನವರಿಗೆ ಮಗನ ಮೇಲೆ ಬಂದ ಸಿಟ್ಟಿನಿಂದ. ನಮ್ಮ ಯಜಮಾನರು ತಿಪಟೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಮೊದಲ ಪಾಠದಲ್ಲೇ ಕಾರನ್ನು ಹುಲ್ಲಿನ ಬಣವೆಯೊಳಕ್ಕೆ ನುಗ್ಗಿಸಿ, ಇಳಿದು, ಮೈಮೇಲಿನ ಹುಲ್ಲು ಕೊಡವಿಕೊಂಡು, ಇನ್ನು ಈ ಜನ್ಮದಲ್ಲಿ ಮುಟ್ಟುವುದಿಲ್ಲ ಎಂದುಬಿಟ್ಟರು. ಮಾವ ಅಂಗಳದಲ್ಲಿ ನಿಂತು ಮಗನಿಗೆ ಕೇಳುವ ಹಾಗೆ ನನ್ನನ್ನು ಕರೆದರು.

“ಬಾರಮ್ಮ, ನಿನಗೆ ಕಲಿಸ್ತೀನಿ. ಈ ಮನೇಲಿ ಗಂಡಸು ಅಂತ ಇನ್ನೊಬ್ರು ಇರ್ಲಿ.”

ಯಜಮಾನರಿಗೆ ಬೇಜಾರಾಗಲಿಲ್ಲ, ಪೀಡೆ ತೊಲಗಿತೆಂದು ಪೇಪರ್ ಬಿಚ್ಚಿಕೊಂಡು ಕೂತರು. ಅತ್ತೆಗಂತೂ ಸಂತೋಷವೋ ಸಂತೋಷ. ಅವರ ತವರು ಶೆಟ್ಟಿಕೆರೆ. ಅಲ್ಲಿಗೆ ಕರೆದುಕೊಂಡು ಹೋಗಿ ಎಂದಾಗಲೆಲ್ಲ ಮಾವನಿಗೆ ಟೈರು ಸವೆದಿರುತ್ತಿತ್ತು, ಇಲ್ಲವೇ ಪೆಟ್ರೋಲ್ ಮುಗಿದಿರುತ್ತಿತ್ತು. “ಬೇಗ ಬೇಗ ಕಲ್ತ್ಕೊಳ್ಳೇ,” ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದರು. “ನಿಮ್ಮ ಮಾವನ ಕಾಲು ಹಿಡಿಯೋದು ತಪ್ತದೆ.”

ಮಳೆಗಾಲದ ಹೊತ್ತಿಗೆ ಚೆನ್ನಾಗಿಯೇ ಓಡಿಸತೊಡಗಿದೆ. ನನಗೆ ಸಿಕ್ಕ ಡ್ಯೂಟಿ ಬೆಳಗಿನದು. ಬೆಳಕು ಹರಿಯುತ್ತಿದ್ದಂತೆ ಮಾವನಿಂದ ಕೀಲಿಕೈ ಇಸಿದುಕೊಂಡು ಯಜಮಾನರನ್ನು ಬಸ್ಸು ನಿಲ್ಲುವ ರಸ್ತೆಗೆ ಬಿಟ್ಟು ಬರುವುದು. ಮನೆ ಬಿಟ್ಟ ಸ್ವಲ್ಪ ಹೊತ್ತಿಗೇ ಕೆರೆ ಏರಿ ಹತ್ತಬೇಕು. ಏರಿಯ ಮೇಲೆಯೇ ಹೋದರೆ ರಸ್ತೆ. ಬರುವಾಗ ನಾನೊಬ್ಬಳೇ. ದಿನದಲ್ಲಿ ನಾನೊಬ್ಬಳೇ ಇರುತ್ತಿದ್ದದ್ದು ಆ ಹೊತ್ತು ಮಾತ್ರ. ಬೇಕೆಂದೇ ನಿಧಾನವಾಗಿ ಬರುತ್ತಿದ್ದೆ, ಬಾಯಿಗೆ ಬಂದ ಹಾಡನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ನೀರಿನ ಮೇಲಿನ ಕೊಕ್ಕರೆಗಳನ್ನು ಬಿಟ್ಟರೆ ಕೇಳುವವರಿರಲಿಲ್ಲ. ಆ ಸುಖವನ್ನು ನಾನು ಯಾರಿಗೂ ಹೇಳಿರಲಿಲ್ಲ.

ಮಾವನ ಡ್ಯೂಟಿ ಮಧ್ಯಾಹ್ನದ್ದು. ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ತಿಪಟೂರಿನ ಮಾರುಕಟ್ಟೆಗೆ ಹೋಗಿ ಕೊಬ್ಬರಿ ರೇಟು ವಿಚಾರಿಸಿಕೊಂಡು ಬರುವುದು. ಮಾರುವುದಿದ್ದರೂ ಇಲ್ಲದಿದ್ದರೂ ಹೋಗುತ್ತಿದ್ದರು.

ಆಯುಧಪೂಜೆ ಬಂತು. ಕುಡುಗೋಲು, ಮಚ್ಚು, ನೇಗಿಲು, ಪಂಪ್‌ಸೆಟ್ಟು ಎಲ್ಲವೂ ತೊಳೆಸಿಕೊಂಡು ಕೂತವು. ಆ ವರ್ಷ ಮಾವ ಕಾರಿಗೆ ವಿಶೇಷ ಸೇವೆ ಮಾಡಲು ತೀರ್ಮಾನಿಸಿ ಕ್ಲಚ್ ಕೇಬಲ್ಲನ್ನು ಬಿಚ್ಚಿದರು. ಕೇಬಲ್ ಎಂದರೆ ಪೆಡಲಿನಿಂದ ಗೇರ್ ಬಾಕ್ಸಿಗೆ ಹೋಗುವ ಉಕ್ಕಿನ ತಂತಿ. ಪೆಡಲು ಒತ್ತಿದರೆ ಅದು ಎಂಜಿನ್ನನ್ನು ಚಕ್ರದಿಂದ ಬಿಡಿಸುತ್ತದೆ, ಕಾಲು ಪೂರ್ತಿ ಎತ್ತಿದರೆ ಮತ್ತೆ ಕೂಡಿಸುತ್ತದೆ. ಸ್ಕೂಟರಿನ ಬ್ರೇಕಿನದರ ಹಾಗೆ ಅದರ ಮೇಲೊಂದು ಕೊಳವೆಯಂಥ ಹೊದಿಕೆ. ಅದನ್ನು ಹಜಾರದ ತೊಲೆಗೆ ನೇತುಹಾಕಿ, ಮೇಲಿನ ತುದಿಗೆ ವೀಳ್ಯದೆಲೆಯನ್ನು ಆಲಿಕೆಯ ಹಾಗೆ ಸುರುಳಿ ಸುತ್ತಿ ದಾರ ಕಟ್ಟಿ, ಅದಕ್ಕೆ ತೊಟ್ಟು ತೊಟ್ಟಾಗಿ ಎಣ್ಣೆ ಬಿಟ್ಟರು. ಕೆಳಗೊಂದು ಬಟ್ಟಲು. ಎಣ್ಣೆ ಇಡೀ ಕೊಳವೆ ಇಳಿದು ಬಟ್ಟಲಿಗೆ ಬೀಳುವವರೆಗೂ ಮಣೆ ಹಾಕಿಕೊಂಡು ಎದುರಿಗೇ ಕೂತಿದ್ದರು.

“ತಂತಿಗೂ ಅಭಿಷೇಕ ಶುರುವಾಯ್ತಾ?” ಎಂದರು ಅತ್ತೆ.

“ನೋಡ್ತಿರು. ಇನ್ನ ಬೆಣ್ಣೆ ಕುಯ್ದಂಗೆ ಹೋಯ್ತದೆ ಗಾಡಿ,” ಎಂದರು ಮಾವ.

ಎಣ್ಣೆ ಯಾವುದೆಂದು ಬೇರೆ ಹೇಳಬೇಕೇ? ನಮ್ಮದೇ ತೋಟದ ಕೊಬ್ಬರಿ ಎಣ್ಣೆ. ಮಾರಾಟಕ್ಕೆ ಬಾರದ ಒಡಕು ಕೊಬ್ಬರಿಯನ್ನೆಲ್ಲ ಗಾಣಕ್ಕೆ ಹಾಕಿಸಿ ವರ್ಷಕ್ಕಾಗುವಷ್ಟು ಇಟ್ಟುಕೊಳ್ಳುತ್ತಿದ್ದರು. ತಲೆಗೆ ಅದೇ, ಮಂಡಿನೋವಿಗೆ ಅದೇ, ಕಿರುಗುಟ್ಟುವ ಬಾಗಿಲಿಗೆ, ಕರುವಿನ ಗಾಯಕ್ಕೆ, ಹೊಲಿಗೆ ಮಿಷನ್ನಿಗೆ ಎಲ್ಲಕ್ಕೂ ಅದೇ. ಮನೆಯಲ್ಲಿ ಈ ಅಮೃತವಿರುವಾಗ ಅಂಗಡಿಯಿಂದ ಗ್ರೀಸು ತರುವುದು ಮಾವನಿಗೆ ತೋಟಕ್ಕೆ ಮಾಡಿದ ಅವಮಾನ. ಕೇಬಲ್ ಕೂಡಿಸಿದ ಮೇಲೆ ಪೆಡಲು ನಿಜಕ್ಕೂ ಹಗುರವಾಯಿತು. ದೀಪಾವಳಿಯವರೆಗೂ ನಾವೆಲ್ಲ ಮಾವನ ಬುದ್ಧಿಯನ್ನು ಹೊಗಳಿದೆವು.

ಕಾರ್ತಿಕ ಕಳೆದು ಚಳಿ ಬಿತ್ತು. ಒಂದು ಬೆಳಿಗ್ಗೆ ಯಜಮಾನರನ್ನು ಕೂರಿಸಿಕೊಂಡು ಹೊರಟೆ. ಪೆಡಲು ಯಾಕೋ ಬಿಗಿ. ಒತ್ತಿದರೆ ಕಷ್ಟಪಟ್ಟು ಇಳಿಯಿತು, ಕಾಲು ತೆಗೆದರೆ ಮೇಲೆ ಬರಲು ಸೋಮಾರಿತನ ಮಾಡಿತು. ಏರಿಯ ಬುಡಕ್ಕೆ ಬಂದು ಗೇರು ಹಾಕಿ ಆಕ್ಸಿಲರೇಟರ್ ಒತ್ತಿದೆ. ಎಂಜಿನ್ ಭೋರೆಂದು ಕಿರುಚಿತು, ಕಾರು ಕದಲಲಿಲ್ಲ. ಇನ್ನೂ ಒತ್ತಿದೆ. ಇನ್ನೂ ಕಿರುಚಿತು, ಸುಟ್ಟ ವಾಸನೆ ಬಂತು, ಕಾರು ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಎಂಜಿನ್ ಆರಿಸದೆ ಬ್ರೇಕ್ ಹಾಕಿ ಕೂತೆ. ಯಜಮಾನರು ಇಳಿದು ಮನೆಗೆ ಓಡಿಹೋಗಿ ಅಪ್ಪನನ್ನು ಕರೆತಂದರು.

ಮಾವ ಟವೆಲು ಹೊದ್ದು ನಡೆದುಕೊಂಡು ಬಂದರು. ನನ್ನನ್ನು ಆಚೆಗೆ ಸರಿಸಿ ತಾವು ಕೂತು, ಕ್ಲಚ್ಚು ಒತ್ತಿ, ಗೇರು ಹಾಕಿದರು. ಕಾರು ಮಾತಾಡದೆ ಏರಿ ಹತ್ತಿತು.

“ಏನಾಗೈತೆ ಇದಕ್ಕೆ? ಏನೂ ಆಗಿಲ್ಲ. ನೀನು ಕಾಲು ಎತ್ತಿಲ್ಲ ಕಣಮ್ಮ.”

“ಎತ್ತಿದ್ದೆ ಮಾವ.”

“ಎತ್ತಿದ್ರೆ ಹತ್ತುತ್ತಿತ್ತು.”

ಕಾರು ಅವರ ಪಕ್ಷ ಸೇರಿಬಿಟ್ಟಿತ್ತು. ಮರುದಿನವೂ ಹಾಗೇ ಆಯಿತು. ಅದರ ಮರುದಿನ ನಾನು ಹಟದಿಂದ ಏರಿಯ ಬುಡದಲ್ಲೇ ಎಂಜಿನ್ ಓಡಿಸುತ್ತ ಕಾದು ಕೂತೆ. ಸ್ವಲ್ಪ ಹೊತ್ತಿಗೆ ಅದಕ್ಕೆ ತಾನೇ ಮನಸ್ಸಾಗಿ ಹತ್ತಿತು. ಅಷ್ಟರಲ್ಲಿ ಬಸ್ಸು ಹೋಗಿತ್ತು. ಶಾಲೆಗೆ ತಡವಾದ ಮೇಷ್ಟ್ರು ಹೆಡ್ ಮಾಸ್ಟರಿಗೆ ಏನು ಕಾರಣ ಹೇಳಿದರೋ, ನನಗಂತೂ ಹೇಳಲಿಲ್ಲ. ಮಾರನೆಯ ದಿನದಿಂದ ಏರಿಯ ಬುಡ ಬರುವ ಮೊದಲೇ ಒಂದು ಕೈ ಬಾಗಿಲ ಹಿಡಿಯ ಮೇಲಿಟ್ಟುಕೊಂಡು ಕೂರತೊಡಗಿದರು.

ಮಾವ ಕಾರನ್ನು ತಿಪಟೂರಿನ ಮೆಕ್ಯಾನಿಕ್ಕಿಗೆ ತೋರಿಸಿದರು. ತೋರಿಸಿದ್ದು ಮಧ್ಯಾಹ್ನ, ಸುಡು ಬಿಸಿಲಿನಲ್ಲಿ. ಆತ ಪೆಡಲನ್ನು ಕೈಯಲ್ಲಿ ಒತ್ತಿ ನೋಡಿ ಚೆನ್ನಾಗೇ ಇದೆಯಲ್ಲ ಎಂದ. ಆದರೂ ಬಂದ ಗಿರಾಕಿಯನ್ನು ಬರಿಗೈಲಿ ಕಳಿಸುವುದು ಹೇಗೆ? ಕೇಬಲ್ಲಿನ ತುದಿಯಲ್ಲಿ ಅದನ್ನು ಬಿಗಿ ಸಡಿಲ ಮಾಡುವ ನಟ್ಟು ಒಂದಿರುತ್ತದೆ. ಅದನ್ನು ಸ್ವಲ್ಪ ಸಡಿಲ ಮಾಡಿಕೊಟ್ಟ. ಆಮೇಲೆ ಬೆಳಿಗ್ಗೆ ಸ್ವಲ್ಪ ವಾಸಿಯಾಯಿತು. ಆದರೆ ಮಧ್ಯಾಹ್ನ ಮಾವ ಗೇರು ಹಾಕಿದರೆ ಕರಕರ ಎಂದು ಹಲ್ಲು ಕಡಿಯತೊಡಗಿತು. ಮತ್ತೆ ಹೋಗಿ ಬಿಗಿ ಮಾಡಿಸಿಕೊಂಡು ಬಂದರು. ಮರುದಿನ ಬೆಳಿಗ್ಗೆ ಏರಿಯ ಬುಡದಲ್ಲಿ ಮತ್ತೆ ನನ್ನ ಮೆರವಣಿಗೆ. ಹೀಗೆ ಆ ನಟ್ಟು ನನ್ನ ಕಡೆಗೊಂದು ಸುತ್ತು, ಮಾವನ ಕಡೆಗೊಂದು ಸುತ್ತು ತಿರುಗಿ ತಿರುಗಿ ಅದರ ಮೂಲೆಗಳೇ ಸವೆದವು. ಕೊನೆಗೆ ಮೆಕ್ಯಾನಿಕ್ಕು ರೋಸಿಹೋದ.

“ಯಜಮಾನ್ರೇ, ಒಂದು ಗಾಡಿಗೆ ಒಬ್ರೇ ಡ್ರೈವರ್ ಇರ್ಬೇಕು ಕಣ್ರೀ. ಇಬ್ರು ಕಾಲಿಗೆ ಒಂದೇ ಕ್ಲಚ್ಚು ಸೆಟ್ ಮಾಡಕ್ಕಾಗಲ್ಲ.”

ಈ ತೀರ್ಪನ್ನು ಮಾವ ಹಜಾರದಲ್ಲಿ ಕೂತು ನಮ್ಮೆಲ್ಲರಿಗೂ ಹೇಳಿದರು. ಕೆಟ್ಟದ್ದಾಗಿ ಏನೂ ಹೇಳಲಿಲ್ಲ. ಅವರು ಗದರುವ ಮನುಷ್ಯರಲ್ಲ. ಅದೇ ಕಷ್ಟ. ಗದರಿದ್ದರೆ ನಾನೂ ಮುಖ ಊದಿಸಿಕೊಳ್ಳಬಹುದಿತ್ತು.

“ಸೋಮವಾರ ಬೆಳಗ್ಗೆ ನಾನೇ ಪಕ್ಕದಲ್ಲಿ ಕೂತ್ಕತೀನಿ. ನಿಲ್ಲಿಸದಂಗೆ ಏರಿ ಹತ್ತಿಸಿದ್ರೆ ಸರಿ. ಇಲ್ದಿದ್ರೆ ಇದರ ಸಾವಾಸ ಬುಟ್ಬುಡು ಕಣಮ್ಮ. ಎಲ್ರ ಕಾಲಿಗೂ ಒಗ್ಗಲ್ಲ ಇದು.”

ನನ್ನ ಬೆಳಗಿನ ಏರಿ, ಕೊಕ್ಕರೆ, ಹಾಡು ಎಲ್ಲ ಹೋದ ಹಾಗೇ ಎನ್ನಿಸಿತು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಅಳು ಮುಗಿದ ಮೇಲೆ ಮಂಚದ ಮೇಲೆ ಕಾಲು ಚಾಚಿ ಎಡಗಾಲನ್ನೂ ಬಲಗಾಲನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಏನೂ ವ್ಯತ್ಯಾಸ ಕಾಣಲಿಲ್ಲ.

ಭಾನುವಾರ ಎಣ್ಣೆ ನೀರು. ಬೆಳಿಗ್ಗೆ ಅತ್ತೆ ಬಚ್ಚಲ ಒಲೆಯ ಮುಂದೆ ಕೂದಲು ಬಿಚ್ಚಿ ಕೂತು ಎಣ್ಣೆ ಬಾಟಲಿ ತರಲು ಹೇಳಿದರು. ತಂದುಕೊಟ್ಟೆ. ಅಂಗೈ ಮೇಲೆ ಬೋರಲು ಹಿಡಿದರು, ಕೊಡವಿದರು, ತಳ ತಟ್ಟಿದರು. ಎಣ್ಣೆ ಬೆಳ್ಳಗೆ ಗಡ್ಡೆ ಕಟ್ಟಿ ಕೂತಿತ್ತು.

“ಥೂ ಇದರ! ದಿನಾ ಬೆಳಗ್ಗೆ ಬಿಗ್ಕೊಂಡಿರ್ತದೆ, ಮಧ್ಯಾಹ್ನ ಹೊತ್ತಿಗೆ ತಾನೇ ಸರಿ ಹೋಯ್ತದೆ. ಥೇಟ್ ನಿಮ್ಮ ಮಾವ,” ಎಂದು ಬಾಟಲಿಯನ್ನು ಒಲೆಯ ಪಕ್ಕಕ್ಕೆ ಕುಕ್ಕಿದರು.

ನಾನು ನಗಲು ಬಾಯಿ ತೆರೆದವಳು ಹಾಗೇ ನಿಂತೆ. ಬೆಳಿಗ್ಗೆ ಬಿಗಿ, ಮಧ್ಯಾಹ್ನ ಸರಿ. ಒಲೆಯ ಶಾಖಕ್ಕೆ ಬಾಟಲಿಯ ಅಂಚಿನಲ್ಲಿ ಎಣ್ಣೆ ಕರಗಿ, ಬಿಳಿಯ ಗಡ್ಡೆ ಜಾರತೊಡಗಿತ್ತು. ಎಂಜಿನ್ ಸ್ವಲ್ಪ ಹೊತ್ತು ಓಡಿ ಬಿಸಿಯಾದ ಮೇಲೆ ಕಾರು ಏರಿ ಹತ್ತುತ್ತಿದ್ದದ್ದು ನೆನಪಾಯಿತು; ಮಾವ ನಡೆದು ಬರುವಷ್ಟು ಹೊತ್ತು ಅದು ಬಿಸಿಯಾಗುತ್ತಲೇ ನಿಂತಿರುತ್ತಿತ್ತು. ತೊಲೆಗೆ ನೇತಾಡಿದ ಕೇಬಲ್ಲು, ವೀಳ್ಯದೆಲೆಯ ಆಲಿಕೆ ಎಲ್ಲ ಕಣ್ಣ ಮುಂದೆ ಬಂದವು. ಹುಟ್ಟಿದಾಗಿನಿಂದ ಚಳಿಗಾಲದಲ್ಲಿ ಈ ಬಾಟಲಿಯನ್ನು ಬಿಸಿಲಿಗಿಟ್ಟುಕೊಂಡೇ ತಲೆ ಬಾಚಿಕೊಂಡ ಜನ ನಾವು. ಬಾಟಲಿಯಲ್ಲಿ ಹೆಪ್ಪುಗಟ್ಟುವ ಎಣ್ಣೆ ಕೇಬಲ್ಲಿನೊಳಗೂ ಹೆಪ್ಪುಗಟ್ಟುತ್ತದೆ ಎಂದು ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಅತ್ತೆಗೆ ಹೇಳಿದೆ. ಅವರು ಒದ್ದೆ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಮೈಯೆಲ್ಲ ಕುಲುಕುವ ಹಾಗೆ ನಕ್ಕರು. ಮಾವನಿಗೆ ಈಗಲೇ ಹೇಳಿಬಿಡುತ್ತೇನೆ ಎಂದು ಹೊರಟೆ. ಸೆರಗು ಹಿಡಿದು ಕೂರಿಸಿದರು.

“ಸುಮ್ಕಿರೇ. ಅವರೆಣ್ಣೇಗೆ ಹೆಸರಿಟ್ರೆ ಅವರು ನಂಬ್ತಾರಾ? ನಿನ್ನ ಕಾಲ್ಗೆ ಇನ್ನೊಂದು ದೋಷ ಸೇರಿಸ್ತಾರೆ ಅಷ್ಟೇ. ನಾಳೆ ನೀನು ಗೆಲ್ಲು ಮೊದ್ಲು.”

ಸೋಮವಾರ ಬೆಳಿಗ್ಗೆ ಹಂಡೆಯಿಂದ ಕುದಿಯುವ ನೀರು ತೆಗೆದು, ಅದರಲ್ಲಿ ಟವೆಲು ಅದ್ದಿ, ಹಿಂಡಿ, ಕಾರಿನ ಬಾನೆಟ್ ಎತ್ತಿ ಕೇಬಲ್ಲಿಗೆ ಸುತ್ತಿದೆ. ಆರಿದ ಹಾಗೆಲ್ಲ ಮತ್ತೆ ಅದ್ದಿ ಸುತ್ತಿದೆ. ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಟವೆಲು ಅದು, ಮಾವನದು. ಒಳಗೆ ಅವರು ಅದನ್ನೇ ಹುಡುಕುತ್ತಿದ್ದರು. ಅತ್ತೆ ಅವರಿಗೆ ಕಾಫಿ ಕೊಟ್ಟು, “ಹಿತ್ಲಲ್ಲಿ ನೋಡ್ರೀ, ಅಟ್ಟದ ಮೇಲೆ ನೋಡ್ರೀ,” ಎಂದು ಮನೆಯೆಲ್ಲ ಸುತ್ತಿಸುತ್ತಿದ್ದದ್ದು ಚಪ್ಪರದವರೆಗೂ ಕೇಳುತ್ತಿತ್ತು. ನಾನು ಟವೆಲನ್ನು ಕೊಟ್ಟಿಗೆಯ ಗೋಡೆಗೆ ಹರವಿ, ಬಾನೆಟ್ ಇಳಿಸಿ, ಏನೂ ಅರಿಯದವಳಂತೆ ಸೀಟಿನಲ್ಲಿ ಕೂತೆ.

ಕಾರು ಏರಿ ಹತ್ತಿದ ಚಂದ ಹೇಳಲಾರೆ. ಎಂಜಿನ್ ಕಿರುಚಲಿಲ್ಲ, ಗೇರು ಗೊಣಗಲಿಲ್ಲ. ಹಿಂದೆ ಕೂತ ಯಜಮಾನರು ಬಾಗಿಲ ಹಿಡಿಯಿಂದ ಕೈ ತೆಗೆದರು. ನಾನು ಮಾವನ ಕಡೆ ನೋಡಿದೆ. ಕೆರೆಯ ಕಡೆಗೆ ನೋಡುತ್ತ ಅವರು ತೃಪ್ತಿಯಿಂದ ಮೀಸೆಯ ಮೇಲೆ ಕೈಯಾಡಿಸಿಕೊಂಡರು.

“ನೋಡ್ದಾ? ನಾನು ಪಕ್ಕದಲ್ಲಿ ಕೂತೆ, ನಿನ್ನ ಕಾಲು ದಾರಿಗೆ ಬಂತು.”

ಗೆದ್ದೆ, ಆದರೆ ಗೆದ್ದದ್ದು ಅವರು! ನಾಳೆಯಿಂದ ಏರಿ ಹತ್ತಿಸಲು ದಿನಾ ಟವೆಲು ಸುತ್ತಬೇಕು, ಒಂದು ದಿನ ತಪ್ಪಿದರೂ ಮತ್ತೆ ನನ್ನ ಕಾಲಿನ ಪುರಾಣ. ಮನೆಗೆ ಬಂದು ಅತ್ತೆಯ ಮುಂದೆ ಪಾತ್ರೆಗಳನ್ನು ಕುಕ್ಕಿದೆ. ಅವರು ಎಲ್ಲ ಕೇಳಿಸಿಕೊಂಡು, ಕೊತ್ತಂಬರಿ ಬಿಡಿಸುತ್ತಲೇ ಉಪಾಯ ಹೂಡಿದರು.

ಅಂದು ಮಧ್ಯಾಹ್ನ ಊಟಕ್ಕೆ ಬಡಿಸುವಾಗ ಗಂಡನಿಗೆ ಹೇಳಿದರು: “ನಾಳೆ ನಾನು ಶೆಟ್ಟಿಕೆರೆಗೆ ಹೋಗ್ಬೇಕು. ಬೆಳಗ್ಗೇನೇ. ನೀವೇ ಕರ್ಕೊಂಡೋಗಿ. ಇವಳ ಕಾಲ್ನ ನಂಬ್ಕೊಂಡು ನಾನು ಬರಕಿಲ್ಲಪ್ಪ.”

ಟೈರು ಸವೆದಿದೆ ಎನ್ನಲು ಹೊರಟ ಮಾವನ ಬಾಯಿ ಈ ಮಾತಿಗೆ ಕಟ್ಟಿಹೋಯಿತು. ಇಷ್ಟು ಒಳ್ಳೆಯ ಮಾತನ್ನು ಅತ್ತೆಯಿಂದ ಅವರು ಕೇಳಿ ಯಾವ ಕಾಲವಾಗಿತ್ತೋ. “ಆಯ್ತು ಬುಡು,” ಎಂದು ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ಮಂಗಳವಾರ ಚಳಿ ನಮ್ಮ ಪಾಲಿಗೆ ಚೆನ್ನಾಗಿಯೇ ಬಿದ್ದಿತ್ತು. ಮಾವ ಒಗೆದ ಪಂಚೆ ಉಟ್ಟು, ತಲೆಗೆ ಮಫ್ಲರ್ ಸುತ್ತಿ ಸ್ಟೀರಿಂಗ್ ಹಿಡಿದರು. ಪಕ್ಕದಲ್ಲಿ ಅತ್ತೆ, ಮಡಿಲಲ್ಲಿ ತವರಿಗೆ ಒಯ್ಯುವ ಕೈಚೀಲ. ಹಿಂದೆ ಬಸ್ಸಿಗೆ ಹೋಗುವ ಯಜಮಾನರು, ಅತ್ತೆಯ ಜೊತೆಗೆಂದು ನಾನು. ಹೊರಡುವಾಗಲೇ ಮಾವ ಕ್ಲಚ್ಚು ಒತ್ತಿ ಹುಬ್ಬು ಗಂಟಿಕ್ಕಿದರು. ನಾನು ಕಿಟಕಿಯಾಚೆ ನೋಡಿದೆ.

ಏರಿಯ ಬುಡದಲ್ಲಿ ಎಂಜಿನ್ ಭೋರೆಂದಿತು. ಕಾರು ಒಂದು ಮಾರು ಹತ್ತಿತು, ನಿಂತಿತು, ಹಿಂದಕ್ಕೆ ಜಾರಿತು. ಮಾವ ಬ್ರೇಕ್ ಹಾಕಿ ಮತ್ತೆ ಪ್ರಯತ್ನಿಸಿದರು. ಅದೇ ಕಿರುಚಾಟ, ಅದೇ ಸುಟ್ಟ ವಾಸನೆ. ಕೆರೆಯಲ್ಲಿ ಎಮ್ಮೆ ತೊಳೆಯುತ್ತಿದ್ದವನು ಕೈಯಲ್ಲಿದ್ದ ಹುಲ್ಲು ಬಿಟ್ಟು ನೋಡತೊಡಗಿದ. ಅತ್ತೆ ಬಹಳ ಕಾಳಜಿಯಿಂದ ಗಂಡನ ಮೊಣಕಾಲಿನ ಕಡೆ ಬಗ್ಗಿದರು.

“ಯಾಕ್ರೀ, ನಿಮ್ಮ ಎಡಗಾಲ್ಗೇನಾಯ್ತು?”

ಯಜಮಾನರಿಗೆ ಕೆಮ್ಮು ಬಂತು. ಕೆಮ್ಮುತ್ತಲೇ ಬಾಗಿಲು ತೆಗೆದು ಇಳಿದರು. ಮಾವನೂ ಇಳಿದು, ಬಾನೆಟ್ ಎತ್ತಿ, ಕೇಬಲ್ಲನ್ನೇ ನೋಡುತ್ತ ನಿಂತರು. ಅವರ ಮುಖ ನೋಡಿ ನನಗೆ ಅಯ್ಯೋ ಎನ್ನಿಸಿತು. ನಿಜವಾಗಿ ಎನ್ನಿಸಿತು. ಆದರೂ ಇಳಿದುಹೋಗಿ, ಅತ್ತೆಯ ಕೈಚೀಲದಿಂದ ತವರಿಗೆಂದು ಇಟ್ಟುಕೊಂಡಿದ್ದ ಎಣ್ಣೆ ಬಾಟಲಿ ತೆಗೆದು, ಬಿರಡೆ ಬಿಚ್ಚಿ, ಮಾವನ ಎದುರಿಗೆ ಕೇಬಲ್ಲಿನ ಮೇಲೆ ತಲೆಕೆಳಗಾಗಿ ಹಿಡಿದೆ. ಒಂದು ತೊಟ್ಟೂ ಬೀಳಲಿಲ್ಲ.

ಮಾವ ಬಾಟಲಿಯನ್ನು ನೋಡಿದರು. ಕೇಬಲ್ಲನ್ನು ನೋಡಿದರು. ಮತ್ತೆ ಬಾಟಲಿಯನ್ನು ನೋಡಿದರು. ಅರ್ಥವಾದದ್ದು ಅವರ ಕಿವಿಯ ಕೆಂಪಿನಲ್ಲಿ ಗೊತ್ತಾಯಿತು. ನನ್ನ ಕೈಯಿಂದ ಬಾಟಲಿ ಇಸಿದುಕೊಂಡು, ಬೆಳಕಿಗೆ ಎತ್ತಿ ಹಿಡಿದರು.

“ಹೆಂಗೆ ಕಲ್ಲಾಗೈತೆ ನೋಡು. ಅಪ್ಪಟ ಎಣ್ಣೆ. ಅಂಗಡಿದಾಗಿದ್ರೆ ಇಷ್ಟು ಹೆಪ್ಪಾಗ್ತಿತ್ತಾ?”

ಅತ್ತೆ ಕಾರಿನೊಳಗೇ ಹಣೆ ಚಚ್ಚಿಕೊಂಡು ನಕ್ಕರು. ಎಂಜಿನ್ ಬಿಸಿಯಾಗುವವರೆಗೆ ನಾವೆಲ್ಲ ಏರಿಯ ಬುಡದಲ್ಲಿ ಚಳಿ ಕಾಯಿಸಿಕೊಳ್ಳುವವರ ಹಾಗೆ ಬಾನೆಟ್ಟಿನ ಸುತ್ತ ನಿಂತಿದ್ದೆವು. ಆಮೇಲೆ ಅತ್ತೆ ಹಾಯಾಗಿ ತವರಿಗೆ ಹೋಗಿಬಂದರು.

ಆ ವಾರವೇ ಹೊಸ ಕೇಬಲ್ ಬಂತು, ಗ್ರೀಸೂ ಬಂತು. ಹಳೆಯದು ಸವೆದಿತ್ತು ಎಂದು ಮಾವ ಕೇಳಿದವರಿಗೆಲ್ಲ ಹೇಳಿದರು, ಕೇಳದವರಿಗೂ ಹೇಳಿದರು. ನನ್ನ ಕಾಲಿನ ಬಗ್ಗೆ ತಪ್ಪಾಯಿತು ಎಂದೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಒಂದು ಸಂಜೆ ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಸುತ್ತಿಗೆಯ ಸದ್ದು ಕೇಳಿ ಹೋಗಿ ನೋಡಿದೆ. ಮಾವ ಬಾಯಲ್ಲಿ ಮೊಳೆ ಕಚ್ಚಿಕೊಂಡು ನಿಂತಿದ್ದರು. “ಅಲ್ಲಿ ನಿಂತ್ಕೋ, ಕೈ ಚಾಚು,” ಎಂದರು. ಚಾಚಿದೆ. ನನ್ನ ಕೈಗೆ ಸಲೀಸಾಗಿ ಸಿಗುವ ಕಡೆ ಮೊಳೆ ಹೊಡೆದು, ಉಡುದಾರದಿಂದ ಕೀಲಿಕೈ ಬಿಚ್ಚಿ ಅಲ್ಲಿ ತಗುಲಿಹಾಕಿದರು.

ಅವರು ಆ ಮನೆಯ ತೊಲೆಗೆ ತಲೆ ತಾಕುವಂಥ ಎತ್ತರದ ಆಳು. ಅಂದಿನಿಂದ ತಿಪಟೂರಿಗೆ ಹೊರಟಾಗಲೆಲ್ಲ ಆ ಮೊಳೆಯ ಮುಂದೆ ಬೆನ್ನು ಬಗ್ಗಿಸಿ, ಕೀಲಿಕೈಗೆ ಕೈ ಹಾಕುವ ಮೊದಲು ಒಲೆಯ ಮುಂದಿದ್ದ ನನ್ನ ಕಡೆ ತಿರುಗಿ ಕೇಳುತ್ತಿದ್ದರು: “ನಿನಗೇನಾದ್ರೂ ಬೇಕಿತ್ತೇನಮ್ಮ ಗಾಡಿ?”